ಕ್ವಾರಿಯಲ್ಲಿ ಇಲ್ಲದ ಚಿಟ್ಟೆ

ಪ್ರೀತಿಯ ಕನ್ನಡಕದಣ್ಣ,

ಅಂಗಡಿಯಲ್ಲಿ ಗಿರಾಕಿಗಳಿದ್ದರೆ ಅವರನ್ನು ಕಳಿಸಿ, ಆಮೇಲೆ ಕೂತು ಇದನ್ನು ಓದಿ. ಈ ಕಾಗದವನ್ನು ಈಗಾಗಲೇ ನಾಲ್ಕು ಸಲ ಬರೆದು ಹರಿದಿದ್ದೇನೆ. ನಾಲ್ಕು ಸಲವೂ ನಿಮ್ಮ ಆರೋಗ್ಯ, ಅತ್ತಿಗೆಯ ಮಂಡಿನೋವು, ಈ ವರ್ಷದ ಬಿಸಿಲು ಎಂದು ಎರಡು ಪುಟ ಸುತ್ತಿ ಬಂದೆ. ಹೇಳಬೇಕಾದ ಮಾತು ಹತ್ತಿರ ಬರುವ ಹೊತ್ತಿಗೆ ಧೈರ್ಯ ಮುಗಿದಿರುತ್ತಿತ್ತು. ಅದಕ್ಕೇ ಈ ಸಲ ಅದನ್ನೇ ಮೊದಲು ಬರೆಯುತ್ತೇನೆ. ನಿಮ್ಮ ಪಟ್ಟಿಯ ನೂರನೆಯ ಚಿಟ್ಟೆ, ಆ ತಾಮ್ರದಂಚು, ನಮ್ಮೂರಿನ ಕಲ್ಲುಕ್ವಾರಿಯದಲ್ಲ. ಅದನ್ನು ನಾನು ಅಲ್ಲಿ ನೋಡಿಲ್ಲ. ನೋಡಿದೆ ಎಂದು ನಿಮಗೆ ಹೇಳಿದ್ದು ಸುಳ್ಳು.

ಬರೆದಾಯಿತು. ಇನ್ನು ಹರಿಯುವುದಿಲ್ಲ.

ನಿಮಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ, ಬೇಸರಿಸಬೇಡಿ. ನನ್ನ ಕಡೆಯಿಂದ ಅವು ಹೇಗಿದ್ದವೆಂದು ನಿಮಗೆ ಗೊತ್ತಿಲ್ಲ.

ಏಳು ವರ್ಷದ ಹಿಂದೆ ಓದುವ ಕನ್ನಡಕ ಮಾಡಿಸಲು ನಿಮ್ಮ ಅಂಗಡಿಗೆ ಬಂದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ದಿನಕ್ಕೆ ಎಂಟು ಗಂಟೆ ಕಂಡವರ ಮೂಳೆಯ ಚಿತ್ರ ತೆಗೆಯುವ ಕೆಲಸ ನನ್ನದು. ಮನೆಯಲ್ಲಿ ನಾನು, ಅಮ್ಮ, ಅಮ್ಮನ ಟೀವಿ. ನಿಮ್ಮ ಕೌಂಟರಿನ ಮೇಲೆ ಫ್ರೇಮುಗಳ ನಡುವೆ ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಜಾಡಿ ಇತ್ತು. ಒಳಗೆ ನಿಂಬೆಯ ಕಡ್ಡಿ, ಕಡ್ಡಿಗೆ ಒರಗಿಕೊಂಡ ಒಂದು ಒಣ ಎಲೆ. ಇದನ್ನು ಯಾಕೆ ಎಸೆದಿಲ್ಲ ಎಂದು ಕೇಳಿದೆ. ನೀವು ನಕ್ಕಿರಿ. "ಎಲೆ ಅಲ್ಲಮ್ಮ ಅದು, ಕೋಶ. ಹೊರಗೆ ಮುಚ್ಚಿದೆ ಅಂತ ಬೋರ್ಡು ಹಾಕ್ಕೊಂಡಿದೆ, ಒಳಗೆ ಭರ್ಜರಿ ಕೆಲಸ ನಡೀತಿದೆ."

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಕಬ್ಬಿಣದ ಚೌಕಟ್ಟು ಇಟ್ಟು, ಗೋಡೆಯ ಅಕ್ಷರ ಓದಿಸುತ್ತಿದ್ದಿರಿ. ನಾನು ನಾಲ್ಕನೇ ಸಾಲಿನಲ್ಲಿದ್ದಾಗ ಇದ್ದಕ್ಕಿದ್ದಂತೆ ನನ್ನನ್ನು ಅಲ್ಲೇ ಬಿಟ್ಟು ಜಾಡಿಯ ಕಡೆ ಓಡಿದಿರಿ. "ಬಾ ಬಾ ಬೇಗ, ಅಕ್ಷರ ಎಲ್ಲೂ ಹೋಗಲ್ಲ!" ಆ ಕಬ್ಬಿಣದ ಕನ್ನಡಕದಲ್ಲೇ ಬಂದು ನೋಡಿದೆ. ಒದ್ದೆ ಮುದ್ದೆಯಂಥದ್ದೊಂದು ಕೋಶದಿಂದ ಹೊರಗೆ ಬಿದ್ದು, ಕಡ್ಡಿ ಹತ್ತಿ, ನಮ್ಮ ಕಣ್ಣೆದುರಿಗೇ ರೆಕ್ಕೆ ಬಿಡಿಸಿ ಒಣಗಲು ಹಾಕಿತು. ಅರ್ಧ ಗಂಟೆ ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಹೊರಗೆ ಕಾದಿದ್ದ ಗಿರಾಕಿ ಬೈದುಕೊಂಡು ಹೋದ. ನನ್ನ ಬದುಕಿನಲ್ಲಿ ಅಂಥ ಅರ್ಧ ಗಂಟೆ ಅದಕ್ಕೆ ಮುಂಚೆ ಇರಲಿಲ್ಲ, ಅಣ್ಣ.

ಆವತ್ತಿನಿಂದ ಭಾನುವಾರಗಳು ನಿಮ್ಮವಾದವು. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದ ಏಳೆಂಟು ಜನರ ಚಿಟ್ಟೆಗುಂಪಿಗೆ ನನ್ನನ್ನು ಸೇರಿಸಿದಿರಿ. ಕೋಶವನ್ನು ಬೆಳಕಿಗೆ ಹಿಡಿದು ಒಳಗಿನ ರೆಕ್ಕೆಯ ಬಣ್ಣ ಹೇಳುತ್ತಿದ್ದೆನೆಂದು ನನಗೆ 'ಎಕ್ಸ್‌ರೇ' ಎಂದು ಹೆಸರಿಟ್ಟವರು ಲಾರಿತಾತ. ಮೂವತ್ತು ವರ್ಷ ಲಾರಿ ಓಡಿಸಿ, ಗಾಜಿಗೆ ಬಡಿದು ಸತ್ತ ಚಿಟ್ಟೆಗಳ ಪಾಪ ಕಳೆಯಲು ಬದುಕಿದ ಚಿಟ್ಟೆಗಳ ಹಿಂದೆ ಬಿದ್ದಿದ್ದೇನೆ ಎನ್ನುತ್ತಿದ್ದರು. ನೀವಿಬ್ಬರೂ ಚಡ್ಡಿ ದೋಸ್ತಿಗಳು. ಯಾವ ಚಿಟ್ಟೆ ಯಾವ ಜಾತಿ ಎಂದು ಜಗಳ ಆಡದಿದ್ದರೆ ನಿಮಗಿಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಸಾಕುವುದನ್ನು ನೀವೇ ಕಲಿಸಿದಿರಿ. ಮೊಟ್ಟೆಯನ್ನು ಎಲೆ ಸಮೇತ ತರಬೇಕು, ಹುಳಕ್ಕೆ ದಿನಾ ತಾಜಾ ಎಲೆ ಕೊಡಬೇಕು, ಹಿಕ್ಕೆ ತೆಗೆಯಬೇಕು, ಬಿಸಿಲಿಗಿಡಬಾರದು, ಮುಟ್ಟಿ ಮುಟ್ಟಿ ನೋಡಬಾರದು. ನಾನು ಸಾಕಿದ ಮೊದಲ ಕೋಶದಿಂದ ಚಿಟ್ಟೆ ಬರಲಿಲ್ಲ, ಸಣ್ಣ ತೂತು ಕೊರೆದುಕೊಂಡು ಹನ್ನೆರಡು ಕಣಜಗಳು ಬಂದವು. ಅಳು ಬಂತು. ಎಲ್ಲರೂ ಚಿಟ್ಟೆ ಬಂತಾ ಎಂದು ಕೇಳುತ್ತಾರೆ, ಹಾರಿಹೋಯಿತು ಅಂದುಬಿಡಲೇ ಎಂದು ನಿಮ್ಮನ್ನು ಕೇಳಿದೆ. ನೀವು ಗದರಲಿಲ್ಲ. "ಕಣಜ ಬಂದ್ರೆ ಕಣಜ ಅಂತ ಬರಿ. ಅದಕ್ಕೂ ಹುಟ್ಟುಹಬ್ಬ ಇರುತ್ತಲ್ಲ" ಅಂದಿರಿ. ಅಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಿರಿ. ಕಲಿತಿರಲಿಲ್ಲ ಎಂದು ನೆಪ ಹೇಳಲೂ ನನಗೆ ಜಾಗವಿಲ್ಲ.

ನಿಮ್ಮ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ನೀಲಿ ರಟ್ಟಿನ ಆ ಪುಸ್ತಕದಲ್ಲಿ ಊರಿನ ಸರಹದ್ದಿನೊಳಗೆ ಕಂಡ ಚಿಟ್ಟೆಗಳು ತೊಂಬತ್ತೊಂಬತ್ತಕ್ಕೆ ಬಂದು ನಿಂತು ಎಷ್ಟೋ ವರ್ಷವಾಗಿತ್ತು. ಮೊದಲ ಪುಟದಲ್ಲಿ ಮಾತ್ರ ಪೆನ್ಸಿಲಿನಲ್ಲಿ ಬರೆದ ಒಂದು ಹೆಸರು, ಮುಂದೆ ಪ್ರಶ್ನೆ ಚಿಹ್ನೆ. ತಾಮ್ರದಂಚು. ನಿಮಗೆ ಆರು ವರ್ಷವಿದ್ದಾಗ ಕ್ವಾರಿಯ ತೊರೆಯ ಹತ್ತಿರ ನಿಮ್ಮ ಅಕ್ಕ ಅದನ್ನು ಬೆರಳು ಮಾಡಿ ತೋರಿಸಿದ್ದರಂತೆ. ಕಪ್ಪು ರೆಕ್ಕೆ, ಅಂಚಿಗೆ ಹೊಳೆಯುವ ತಾಮ್ರದ ಗೆರೆ. ನೀವು ತಿರುಗಿ ನೋಡುವಷ್ಟರಲ್ಲಿ ಹಾರಿತ್ತು. ಅಕ್ಕ ಹದಿನಾರಕ್ಕೇ ಜ್ವರದಲ್ಲಿ ಹೋದರು. ದೊಡ್ಡವರಾದ ಮೇಲೆ ನೀವು ಯಾರಿಗೆ ಹೇಳಿದರೂ, ಆ ಚಿಟ್ಟೆ ಇಲ್ಲಿಂದ ಒಂದು ದಿನದ ರೈಲು ದಾರಿ ದೂರದಲ್ಲಿರುವುದು, ನಿಮ್ಮಕ್ಕ ಬೇರೇನೋ ನೋಡಿರಬೇಕು ಎನ್ನುತ್ತಿದ್ದರು. ನೀವು ಜಗಳವಾಡುತ್ತಿರಲಿಲ್ಲ, ಪೆನ್ಸಿಲಿನ ಹೆಸರನ್ನು ಅಳಿಸುತ್ತಲೂ ಇರಲಿಲ್ಲ.

ನೂರನೆಯದು ನನ್ನದಾಗಬೇಕು ಎಂಬ ಆಸೆ ನನಗೆ ಯಾವಾಗ ಹತ್ತಿತೋ ಗೊತ್ತಿಲ್ಲ. ಒಮ್ಮೆ ರಸ್ತೆ ದಾಟುತ್ತಿದ್ದ ಒಂದು ಹಳದಿ ಚಿಟ್ಟೆಯನ್ನು ನೋಡಿ, ಇದು ಪಟ್ಟಿಯಲ್ಲಿಲ್ಲದ ಜಾತಿ ಎಂದು ಓಡೋಡಿ ಬಂದು ನಿಮಗೆ ಹೇಳಿದ್ದೆ. ಫೋಟೋ ಎಲ್ಲಿ ಅಂದಿರಿ. ಇಲ್ಲ ಅಂದೆ. "ಅಂದಾಜಿಗೆ ಇದರಲ್ಲಿ ಜಾಗ ಇಲ್ಲಮ್ಮ" ಎಂದು ಎಲ್ಲರ ಎದುರಿಗೆ ಪುಸ್ತಕ ಮುಚ್ಚಿದಿರಿ. ನ್ಯಾಯವಾಗಿಯೇ ಹೇಳಿದ್ದಿರಿ. ನನಗೆ ಮಾತ್ರ ಅದು ತಿಂಗಳುಗಟ್ಟಲೆ ಮುಳ್ಳಿನಂತೆ ಚುಚ್ಚಿತು.

ಅದೇ ವರ್ಷ ಹೊಸ ಯಂತ್ರದ ತರಬೇತಿಗೆಂದು ಆಸ್ಪತ್ರೆಯವರು ನನ್ನನ್ನು ಎಂಟು ದಿನ ದೂರದ ಊರಿಗೆ ಕಳಿಸಿದರು. ತರಬೇತಿ ಕಟ್ಟಡದ ಕ್ಯಾಂಟೀನಿನ ಹಿಂದೆ ಸಣ್ಣದೊಂದು ತೋಟ. ಗುರುವಾರ ಮಧ್ಯಾಹ್ನ, ನೇರಳೆ ಬಣ್ಣದ ಗೊಂಚಲು ಹೂವಿನ ಮೇಲೆ ತಾಮ್ರದಂಚು ಕೂತಿತ್ತು. ನೋಡಿದ ತಕ್ಷಣ ನೀವೇ ನೆನಪಾದಿರಿ, ಇದು ಸತ್ಯ. ನಿಮಗೆ ತೋರಿಸಬೇಕೆಂದೇ ಮೊಣಕಾಲೂರಿ ತೆಗೆದೆ. ಅಲ್ಲಿಯವರೆಗೆ ನನ್ನಲ್ಲಿ ಯಾವ ಕಪಟವೂ ಇರಲಿಲ್ಲ.

ಊರಿಗೆ ಬಂದ ಎರಡನೇ ದಿನ ಅಂಗಡಿಗೆ ಬಂದೆ. ಅದರ ಹಿಂದಿನ ದಿನ, ಭಾನುವಾರ, ನಾನೊಬ್ಬಳೇ ಕ್ವಾರಿಗೆ ಹೋಗಿದ್ದೆ, ಅಲ್ಲಿಯ ಫೋಟೋಗಳೂ ಅದೇ ಕ್ಯಾಮೆರಾದಲ್ಲಿದ್ದವು. ನೀವು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾ ಹೋಗಿ ಆ ಚಿತ್ರಕ್ಕೆ ಬಂದು ನಿಂತಿರಿ. ಕ್ಯಾಮೆರಾವನ್ನು ಕಣ್ಣಿಗೆ ಹತ್ತಿರ ಹಿಡಿದಿರಿ. ತಲೆ ಎತ್ತಿ ಕೇಳಿದಿರಿ. "ಕ್ವಾರಿ ಹತ್ರ ಸಿಕ್ತಾ?"

ಹೂಂ ಅಂದೆ.

ಅಷ್ಟೇ ಅಣ್ಣ. ಒಂದೇ ಒಂದು ಅಕ್ಷರ. ನಿಮ್ಮ ಮುಖದ ಆಸೆ ಮುರಿಯಲು ಮನಸ್ಸು ಬರಲಿಲ್ಲ ಎಂದು ನನಗೆ ನಾನೇ ನಾಲ್ಕು ವರ್ಷ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಆ ಕ್ಷಣ ನೀವು ನನ್ನನ್ನು ನೋಡಿದ ರೀತಿ ಇತ್ತಲ್ಲ, ಹಾಗೆ ನನ್ನನ್ನು ಯಾರೂ ಯಾವತ್ತೂ ನೋಡಿರಲಿಲ್ಲ. ಅದನ್ನು ವಾಪಸ್ಸು ಕೊಡಲು ಮನಸ್ಸಾಗಲಿಲ್ಲ. ಇದು ಉಳಿದರ್ಧ. ನೀವು ಕಣ್ಣೊರೆಸಿಕೊಂಡು ಗೋಡೆ ಕಡೆ ತಿರುಗಿ, "ಅಕ್ಕ ಸುಳ್ಳು ಹೇಳಿರ್ಲಿಲ್ಲ ನೋಡು, ಅಕ್ಕ ಸುಳ್ಳು ಹೇಳಿರ್ಲಿಲ್ಲ" ಎಂದು ಎರಡು ಸಲ ಅಂದಿರಿ. ಆಗಲಾದರೂ ಬಾಯಿ ಬಿಡಬೇಕಿತ್ತು.

ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುವುದನ್ನು ಚಿಕ್ಕಂದಿನಲ್ಲಿ ಕಾಪಿ ಬರೆದದ್ದುಂಟು. ಯಾವತ್ತು ಎಂದು ಕೇಳಿದಿರಿ, ಭಾನುವಾರ ಎಂದೆ. ಎಷ್ಟು ಹೊತ್ತಿಗೆ, ಹನ್ನೊಂದಕ್ಕೆ. ಎಲ್ಲಿ, ತೊರೆಯ ಮೂರನೇ ಬಂಡೆಯ ಹತ್ತಿರ. ನಾನು ಹೇಳಿದ್ದನ್ನೆಲ್ಲ ನೀವು ಶಾಯಿಯಲ್ಲಿ ಬರೆದಿರಿ, ಮೊದಲ ಪುಟದ ಪೆನ್ಸಿಲಿನ ಪ್ರಶ್ನೆ ಚಿಹ್ನೆಯನ್ನು ಜೋಪಾನವಾಗಿ ಉಜ್ಜಿ ಅಳಿಸಿದಿರಿ. ಮನೆಗೆ ಹೋಗಿ ಆ ಫೋಟೋವನ್ನು ಹೂವು ಕಾಣದಂತೆ ಸುತ್ತಲೂ ಕತ್ತರಿಸಿದೆ. ಆ ಕೆಲಸವನ್ನು ಯಾರ ಕಣ್ಣೀರೂ ನನ್ನಿಂದ ಮಾಡಿಸಲಿಲ್ಲ. ತಣ್ಣಗೆ ಕೂತು, ಕನ್ನಡಕ ಒರೆಸಿಕೊಂಡು, ನಾನೇ ಮಾಡಿದೆ.

ಒಂದು ಮೂಲೆಯಲ್ಲಿ ಎರಡು ಎಸಳು ಉಳಿದುಹೋಗಿದ್ದವು. ಲಾರಿತಾತನಿಗೆ ಅಷ್ಟು ಸಾಕಾಯಿತು. ಮುಂದಿನ ಸಭೆಯಲ್ಲಿ ಅವರು ಚಿತ್ರವನ್ನು ಕೈಗೆ ತೆಗೆದುಕೊಂಡು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಈ ಹೂವು ಕ್ವಾರೀಲಿ ಬೆಳೆಯಲ್ಲ ಕಣಯ್ಯ. ಇದು ತೋಟದಲ್ಲಿ ನೆಟ್ಟು ಸಾಕೋ ಗಿಡ. ಹತ್ತು ವರ್ಷ ನರ್ಸರಿ ಗಿಡ ಹೊತ್ತಿದೆ ನನ್ನ ಲಾರಿ, ನಂಗೊತ್ತಿಲ್ವಾ?"

ನೀವು ಎದ್ದು ನಿಂತಿರಿ. "ಹಂಗಂದ್ರೆ ಆ ಹುಡುಗಿ ಸುಳ್ಳು ಹೇಳ್ತಿದಾಳೆ ಅಂತೀಯಾ?"

"ಹುಡುಗಿ ಮಾತು ನಾನೆತ್ತಿಲ್ಲ. ಹೂವಿನ ಮಾತು ಹೇಳ್ದೆ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ. ನಾಳೆ ಅಂಗಡಿಗೆ ಬಾ, ಬಿಟ್ಟಿ ನೋಡ್ತೀನಿ."

"ನಿನ್ನ ಅಂಗಡಿ ಮೆಟ್ಲು ಇನ್ನು ಹತ್ತಿದ್ರೆ ಕೇಳು."

ಅವರು ಟೋಪಿ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ನೀವು ಕೂತಿರಿ. ನಿಮ್ಮಿಬ್ಬರ ನಡುವಿನ ಬೆಂಚಿನಲ್ಲಿ ನಾನಿದ್ದೆ. ಸಭೆಯಲ್ಲಿ ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು, ಪಾಪದ ಹುಡುಗಿಯ ಮೇಲೆ ಅನುಮಾನ ಪಟ್ಟರಲ್ಲ ಎಂದು. ಆ ಕನಿಕರವನ್ನೂ ತಲೆ ತಗ್ಗಿಸಿ ತೆಗೆದುಕೊಂಡೆ. ನಲವತ್ತೆಂಟು ವರ್ಷದ ಈ ಹುಡುಗಿಗೆ ಇವತ್ತಿಗೂ ಆ ಬೆಂಚು ನೆನಪಾದರೆ ಒಬ್ಬಳೇ ಇದ್ದಾಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಆಮೇಲೆ ನಿಮ್ಮ ಹುಡುಕಾಟ ಶುರುವಾಯಿತು. ಅದು ಒಂದು ಸಲ ಬಂದಿದ್ದರೆ ಮೊಟ್ಟೆಯೂ ಇರಲೇಬೇಕು, ಒಂದೇ ಒಂದು ಮೊಟ್ಟೆ ಸಿಕ್ಕರೆ ಸಾಕು, ಸಾಕಿ ತೋರಿಸುತ್ತೇನೆ ಎಂದಿರಿ. ಕೌಂಟರಿನ ಮೇಲೆ ಅದಕ್ಕೆಂದೇ ಒಂದು ಜಾಡಿ ತೊಳೆದಿಟ್ಟಿರಿ. ಅದರ ಹುಳ ತಿನ್ನುವ ಗಿಡವನ್ನು ಅಂಗಡಿಯ ಹಿಂದೆ ಕುಂಡದಲ್ಲಿ ಬೆಳೆಸಿದಿರಿ. ನಾಲ್ಕು ವರ್ಷ, ಭಾನುವಾರ ತಪ್ಪದೆ, ಭೂತಗನ್ನಡಿ ಹಿಡಿದು ಮೂರನೇ ಬಂಡೆಯ ಸುತ್ತಲಿನ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದಿರಿ. ನಾನೂ ಜೊತೆಗೆ ಬರುತ್ತಿದ್ದೆ. ಇಲ್ಲದ್ದನ್ನು ನಿಮ್ಮೊಡನೆ ಹುಡುಕುವ ನಾಟಕವನ್ನೂ ಆಡಿದೆ. "ಈ ಕಡೆ ನೋಡಿದ್ಯಾ?" ಎಂದು ನೀವು ಕೂಗಿದರೆ, "ನೋಡ್ದೆ ಅಣ್ಣ, ಇಲ್ಲ" ಎನ್ನುತ್ತಿದ್ದೆ. ನಾಲ್ಕು ವರ್ಷದಲ್ಲಿ ಆ ಬಂಡೆಗಳ ನಡುವೆ ನಾನು ಆಡಿದ ನಿಜವಾದ ಮಾತು ಅದೊಂದೇ.

ಕಳೆದ ವರ್ಷ ನೀವು ಆ ಬಂಡೆಯಿಂದ ಜಾರಿದಿರಿ. ನಾನು ಆವತ್ತು ಡ್ಯೂಟಿಯಲ್ಲಿದ್ದೆ. ಸ್ಟ್ರೆಚರ್ ಒಳಗೆ ಬಂದಾಗ ಮೊದಲು ಅತ್ತಿಗೆಯ ದನಿ ಕೇಳಿಸಿತು. "ಈ ವಯಸ್ಸಲ್ಲಿ ಚಿಟ್ಟೆ ಹಿಂದೆ ಹೋಗಿ ಕೈ ಮುರ್ಕೊಂಡ ಗಂಡ ಅಂತ ಯಾರ ಹತ್ರ ಹೇಳ್ಕೊಳ್ಲಿ, ಕಳ್ಳತನಕ್ಕೆ ಹೋಗಿ ಬಿದ್ದಿದ್ರೂ ಒಂದು ಮರ್ಯಾದೆ ಇತ್ತು!" ಎಲ್ಲರೂ ನಕ್ಕರು. ನೀವೂ ನೋವಿನಲ್ಲೇ ನಕ್ಕಿರಿ. ಬಾಗಿಲು ಮುಚ್ಚಿ, ನಿಮ್ಮ ಬಲಗೈಯನ್ನು ಮೆಲ್ಲಗೆ ಹಲಗೆಯ ಮೇಲಿಟ್ಟೆ. ಆಗ ಆ ಕೋಣೆಯಲ್ಲಿ ನಾವಿಬ್ಬರೇ. ಹೇಳಬಹುದಿತ್ತು. ನೀವು ಮೇಲೆ ನೋಡುತ್ತಾ, "ನಿನ್ನ ಕಣ್ಣು ಪುಣ್ಯ ಮಾಡಿತ್ತು ಕಣಮ್ಮ, ನಿಂಗೆ ಕಾಣಿಸ್ತು. ನನ್ನ ಕಣ್ಣು ಮಾಡಿಲ್ಲ, ಅಷ್ಟೇ" ಅಂದಿರಿ. ನಾನು ಅಲುಗಾಡಬೇಡಿ ಅಂದೆ. ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದೆ. ಮಣಿಕಟ್ಟಿನಲ್ಲಿ ಎರಡು ಕಡೆ ಬಿರುಕು. ಆ ಚಿತ್ರವನ್ನು ಡಾಕ್ಟರಿಗೆ ಒಯ್ದುಕೊಡುವಾಗ ಅದರ ಮೇಲೆ ನನ್ನ ಹೆಸರು ಬರೆದಿದೆಯೇನೋ ಎಂದು ಅನ್ನಿಸಿತು.

ಇಷ್ಟಾದರೂ ಬಾಯಿ ಬಿಡದವಳು ಈಗೇಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀರಿ. ಹೋದ ವಾರ ನೀವು ನಿಮ್ಮ ಪುಸ್ತಕದ ಅಚ್ಚಿನ ಕರಡು ಕೊಟ್ಟಿರಿ. 'ನಮ್ಮೂರಿನ ನೂರು ಚಿಟ್ಟೆಗಳು.' ಈ ಬರುವ ಸೋಮವಾರ ಮುದ್ರಣಕ್ಕೆ ಹೋಗುತ್ತೆ, ಕೊನೇ ಪುಟ ನೀನೇ ಬರೀಬೇಕು, ಎಲ್ಲಿ ಕೂತಿತ್ತು, ಹೇಗೆ ಕೂತಿತ್ತು ಎಲ್ಲಾ ಬರಿ ಅಂದಿರಿ. ಮನೆಗೆ ಒಯ್ದು ಮೊದಲ ಪುಟ ತೆಗೆದೆ. ಅರ್ಪಣೆಯ ಎರಡು ಸಾಲು ಇದ್ದವು. ಮೊದಲು ನೋಡಿದ ಅಕ್ಕನಿಗೆ. ಮತ್ತೆ ನೋಡಿದ ತಂಗಿಗೆ.

ಊಟದ ತಟ್ಟೆ ಮುಂದಿತ್ತು. ಅಮ್ಮ ಟೀವಿ ಆರಿಸಿ, ಏನಾಯ್ತೇ ಎಂದು ಕೇಳಿದಳು. ಅಮ್ಮನಿಗೆ ಎಲ್ಲ ಹೇಳಿದೆ. ಅವಳು "ತೊಳೆಯೋ ನೀರು ಹತ್ರದಲ್ಲೇ ಇದ್ದಾಗ ಕೊಳೆ ಹೊತ್ಕೊಂಡು ತಿರುಗಿದೆಯಲ್ಲೇ" ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ರಜೆ ಹಾಕಿ ಲಾರಿತಾತನ ಮನೆಗೆ ಹೋದೆ. ಮೊದಲು ನಿಮ್ಮಲ್ಲಿಗೇ ಬರಬೇಕಿತ್ತು. ಆದರೆ ನಿಮ್ಮ ಮುಖ ನೋಡುತ್ತಾ ಹೇಳುವ ಶಕ್ತಿ ನನಗಿಲ್ಲವೆಂದು ಗೊತ್ತಿತ್ತು, ಅದೂ ಒಂದು ನಾಚಿಕೆಗೇಡು. ಅವರು ಅಂಗಳದಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಯಾವುದೋ ಅಂಗಡಿಯಲ್ಲಿ ಮಾಡಿಸಿದ ಕನ್ನಡಕ, ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು. ನಿಂತೇ ಹೇಳಿದೆ. ಅವರು ಎಣ್ಣೆಯ ಡಬ್ಬಿ ಕೆಳಗಿಡದೆ ಕೇಳಿಸಿಕೊಂಡರು.

"ಗೊತ್ತಿತ್ತು ಕಣೇ ಎಕ್ಸ್‌ರೇ" ಅಂದರು. "ಆ ದಿನಾನೇ ಗೊತ್ತಿತ್ತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಹೂವಿನ ವಿಷಯ ನಾನು ಹೇಳ್ದೆ. ಉಳಿದದ್ದು ನೀನು ಹೇಳ್ಬೇಕಾದ್ದು. ಅದನ್ನೂ ನಾನೇ ಹೇಳಿದ್ರೆ ಅವನಿಗೆ ಚಿಟ್ಟೆನೂ ಹೋಗ್ತಿತ್ತು, ತಂಗೀನೂ ಹೋಗ್ತಿದ್ಲು. ನಾನೊಬ್ಬ ಹೋದ್ರೆ ಸಾಕು ಅಂದ್ಕೊಂಡೆ." ಚೈನಿಗೆ ಇನ್ನೊಂದು ಹನಿ ಬಿಟ್ಟು ಕೇಳಿದರು. "ಕೈ ಹೆಂಗಿದೆ ಅವನ್ದು? ಪೂರ್ತಿ ಮಡಚಕ್ಕೆ ಬರುತ್ತಾ? ಆವತ್ತು ಆಸ್ಪತ್ರೆ ಗೇಟಿನ ತನಕ ಬಂದಿದ್ದೆ. ಒಳಗೆ ಬಂದ್ರೆ ಜಗಳಕ್ಕೆ ನಿಲ್ತಾನೆ, ಮುರಿದ ಕೈ ಆಡಿಸ್ತಾನೆ ಅಂತ ಹಂಗೇ ವಾಪಸ್ ಹೋದೆ."

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ, ಅಣ್ಣ. ಅವರು ಸಮಾಧಾನ ಮಾಡಲಿಲ್ಲ. ಚೈನು ಮುಗಿಸಿ, ಪೆಡಲು ತಿರುಗಿಸಿ, ಈಗ ಸರಿಹೋಯ್ತು ಅಂದರು. ಸೈಕಲ್ಲಿನ ವಿಷಯಕ್ಕೇ ಅಂದದ್ದು.

ಅವರಿಗೆ ಗೊತ್ತಿತ್ತು ಎಂಬುದಕ್ಕಾಗಿ ಅವರ ಮೇಲೆ ಸಿಟ್ಟಾಗಬೇಡಿ. ನಿಮ್ಮ ಸಿಟ್ಟೆಲ್ಲ ನನ್ನ ಪಾಲಿನದು, ಅದರಲ್ಲಿ ಯಾರಿಗೂ ಹಂಚಬೇಡಿ. ಈ ಲಕೋಟೆಯಲ್ಲಿ ಆ ಫೋಟೋವನ್ನು ಕತ್ತರಿಸದೆ ಇಟ್ಟಿದ್ದೇನೆ. ಹಿಂಬದಿಯಲ್ಲಿ ನಿಜವಾದ ಊರು, ನಿಜವಾದ ದಿನ, ಹೂವಿನ ಹೆಸರು ಬರೆದಿದ್ದೇನೆ. ಮುದ್ರಣಾಲಯಕ್ಕೂ ಹೋಗಿದ್ದೆ. ಮುಖಪುಟ ಆಗಲೇ ಅಚ್ಚಾಗಿದೆ, ನೂರು ಅಂತ ಇಷ್ಟು ದಪ್ಪಕ್ಕೆ ಹಾಕಿದ್ದೀವಲ್ಲ ಎಂದು ಅಲ್ಲಿಯವರು ತಲೆ ಚಚ್ಚಿಕೊಂಡರು. ನೀವು ಒಂದು ಮಾತು ಹೇಳಿದರೆ ನಿಲ್ಲಿಸುತ್ತಾರಂತೆ. ಹೊಸ ಮುಖಪುಟದ ಹೊಣೆ ನನ್ನದು. ಅರ್ಪಣೆಯ ಎರಡನೇ ಸಾಲನ್ನು ದಯವಿಟ್ಟು ತೆಗೆಯಿರಿ. ಮೊದಲ ಸಾಲು ಇರಲಿ. ನಿಮ್ಮ ಅಕ್ಕ ನೋಡಿದ್ದು ಅದನ್ನೇ ಎಂದು ನಾನೂ ನಂಬುತ್ತೇನೆ. ಆದರೆ ಅವರ ಸತ್ಯಕ್ಕೆ ನನ್ನ ಸುಳ್ಳು ಸಾಕ್ಷಿ ನಿಲ್ಲಬಾರದು.

ಕ್ಷಮಿಸಿ ಎಂದು ಬರೆಯಲು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಅಷ್ಟು ಸುಲಭವಾಗಿ ಸಿಗಬಾರದು ಅನ್ನಿಸಿ ಕೇಳದೆ ಬಿಟ್ಟಿದ್ದೇನೆ.

ನಾಳಿದ್ದು ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಎಲ್ಲರ ಮುಂದೆ ನಿಂತು ಇದನ್ನೇ ಹೇಳುತ್ತೇನೆ. ನೀವು ಬಂದು ಕೇಳಿಸಿಕೊಳ್ಳಬೇಕೆಂದಿಲ್ಲ. ಆದರೆ ಕ್ವಾರಿಗೆ ಮಾತ್ರ ಹೋಗಬೇಡಿ ಅಣ್ಣ. ಬಂಡೆ ಇನ್ನೂ ಪಾಚಿಗಟ್ಟಿದೆ, ಕೈ ಇನ್ನೂ ಪೂರ್ತಿ ಮಡಚುವುದಿಲ್ಲ. ಸಭೆಗೆ ಬರುತ್ತೀರಾ ಎಂದು ಲಾರಿತಾತನನ್ನೂ ಕೇಳಿದೆ. ಬರುವುದಿಲ್ಲವಂತೆ, ಆವತ್ತು ಬೆಳಗಿನಿಂದ ಮನೆಯಲ್ಲೇ ಇರುತ್ತಾರಂತೆ. ಯಾಕೆ ಎಂದೆ. ಜಾರಿದ ಕನ್ನಡಕವನ್ನು ಬೆರಳಲ್ಲಿ ಮೇಲೆ ತಳ್ಳಿಕೊಂಡು, "ಯಾರಾದ್ರೂ ಬಂದ್ರೆ ಬಾಗಿಲು ತೆಗೀಬೇಕಲ್ಲ" ಅಂದರು.

ನಿಮ್ಮ ಕೈಗೆ ಮೊದಲಿನ ಬಲ ಬರಲಿ. ನಿಮ್ಮ ಕಣ್ಣು ನೂರು ಕಾಲ ಚುರುಕಾಗಿರಲಿ.

ನಿಮ್ಮಿಂದ ತಂಗಿ ಎನ್ನಿಸಿಕೊಂಡ,
ಎಕ್ಸ್‌ರೇ